ಒತ್ತಡದ ಮಾನಗಳೂ ಕನ್ನಡದ ಪರಿಭಾಷೆಯೂ
(ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಬಳಕೆಯನ್ನು ಕುರಿತ ವಿಮರ್ಶೆ)

೧

ಕಾವೇರಿಯೂ ಕಪಿಲೆಯೂ ಕೂಡುವ ತಿರುಮಕೂಡಲು ನರಸೀಪುರದಲ್ಲಿ ಗುಂಜಾನರಸಿಂಹಸ್ವಾಮಿಯ ದೇವಾಲಯವಿರುವುದಷ್ಟೆ. ಆ ಮೂರ್ತಿಯ ಕೈಯಲ್ಲಿ ಗುಲಗಂಜಿಯಿರುವುದೆಂದೂ, ಕಾಶಿಯನ್ನೂ ಈ ಕ್ಷೇತ್ರವನ್ನೂ ತೂಗಿದಲ್ಲಿ ಈ ಕ್ಷೇತ್ರವೇ ಒಂದು ಗುಲಗಂಜಿಯಷ್ಟು ಹೆಚ್ಚು ತೂಗುವುದೆಂದೂ ಆಸ್ತಿಕರು ಹೇಳುತ್ತಾರೆ. ಈ ಐತಿಹ್ಯದ ಧಾರ್ಮಿಕ ಅರ್ಥವು ಪ್ರಕೃತ ವಿಚಾರಕ್ಕೆ ಸೇರಿದುದಲ್ಲ. ಆದರೆ ಅಳತೆಯ ವಿಷಯದಲ್ಲಿ ಕನ್ನಡ ಜನರ ಮನಸ್ಸು ಹೇಗೆ ನಡೆಯುವುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಹೆಚ್ಚು ಕಡಿಮೆಗಳನ್ನು ನಿರ್ಣಯಿಸಬೇಕಾದಾಗಲೆಲ್ಲ ಜನರಿಗೆ ಮೊದಲು ನೆನಪಾಗುವುದು ತಕ್ಕಡಿ. ತಕ್ಕಡಿಯು ಭಾರವನ್ನು ಮಾತ್ರ ಹೇಳುತ್ತದೆ. ಆ ಭಾರವು ಎಷ್ಟು ಜಾಗದ ಮೇಲೆ ಕುಳಿತಿದೆಯೆಂಬುದನ್ನು ಹೇಳುವುದಿಲ್ಲ.

ಒತ್ತಡವನ್ನು ಅಳೆಯಬೇಕಾದರೆ ತಕ್ಕಡಿಯೊಂದೇ ಸಾಲದು, ಅಳತೆಗೋಲೂ ಬೇಕು. ಗುಲಗಂಜಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅಕ್ಕಸಾಲಿಗರ ಲೆಕ್ಕದಲ್ಲಿ ಅದರ ತೂಕ ಸುಮಾರು ೦.೧೨ ಗ್ರಾಂ. ಅಷ್ಟು ಭಾರವನ್ನು ೧೨ ಚದರ ಸೆಂಟಿಮೀಟರು ಜಾಗದ ಮೇಲೆ ಸಮನಾಗಿ ಹರಡಿದರೆ ಉಂಟಾಗುವ ಒತ್ತಡವು ಹೆಚ್ಚುಕಡಮೆ ೧ ಪ್ಯಾಸ್ಕಲ್. ಅದೇ ಭಾರವನ್ನು ೦.೧ ಮಿಲಿಮೀಟರು ಉದ್ದ, ೦.೧ ಮಿಲಿಮೀಟರು ಅಗಲವಿರುವ ಮೊನೆಯ ಮೇಲೆ ನಿಲ್ಲಿಸಿದರೆ ಒತ್ತಡವು ಸುಮಾರು ೧,೧೮,೦೦೦ ಪ್ಯಾಸ್ಕಲ್ ಆಗುತ್ತದೆ. ಸಮುದ್ರಮಟ್ಟದಲ್ಲಿ ವಾಯುಮಂಡಲದ ಒತ್ತಡವೇ ೧,೦೧,೩೨೫ ಪ್ಯಾಸ್ಕಲ್ ಎಂಬುದನ್ನು ನೆನೆದರೆ, ಒಂದು ಗುಲಗಂಜಿಯು ತಕ್ಕ ಮೊನೆಯನ್ನು ಪಡೆದಾಗ ಆಕಾಶದಷ್ಟೇ ಬಲವಾಗಿ ಒತ್ತಬಲ್ಲುದೆಂದು ತಿಳಿಯುತ್ತದೆ. ಭಾರದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ, ವ್ಯತ್ಯಾಸವೆಲ್ಲವೂ ಜಾಗದಲ್ಲಿ.

ಈ ಎರಡು ತಾಲ್ಲೂಕುಗಳಲ್ಲಿ ಇಂದು ಬಳಕೆಯಲ್ಲಿರುವ ಒತ್ತಡದ ಮಾನಗಳನ್ನು ಪರಿಶೀಲಿಸಿದರೆ, ಬಹುಮಟ್ಟಿಗೆ ಎಲ್ಲದರಲ್ಲಿಯೂ ಈ ಜಾಗದ ಮಾತು ಬಿದ್ದುಹೋಗಿರುವುದು ಕಂಡುಬರುತ್ತದೆ. ಇದಕ್ಕೆ ಜನರ ಆಡುಮಾತೊಂದೇ ಕಾರಣವಲ್ಲ. ಶಾಸ್ತ್ರದ ಪರಿಭಾಷೆಯೂ ಅಷ್ಟೇ ಕಾರಣವೆಂಬುದು ಈ ವಿಮರ್ಶೆಯ ಪ್ರತಿಪಾದ್ಯ ವಿಷಯ.

೨

ಕಪಿಲೆಯ ದಡದಿಂದ ಮೇಲಿನ ಹೊಲಗಳಿಗೆ ನೀರೆತ್ತುವ ರೈತನು ಅಂಗಡಿಯಲ್ಲಿ ಕೇಳುವುದು ‘ನಾಲ್ಕು ಕೆಜಿ ಪೈಪು’ ಅಥವಾ ‘ಆರು ಕೆಜಿ ಪೈಪು’. ಗಾಡಿಯ ಚಕ್ರಕ್ಕೆ ಗಾಳಿ ತುಂಬುವವನು ಹೇಳುವುದು ‘ಮೂವತ್ತೆರಡು ಪೌಂಡು’, ಇಲ್ಲವೆ ಬರಿಯ ‘ಮೂವತ್ತೆರಡು’. ಮನೆ ಕಟ್ಟಿಸುವವನು ಕೊಳ್ಳುವುದು ‘ಐವತ್ತಮೂರರ ಸಿಮೆಂಟು’ ಮತ್ತು ‘ಐನೂರರ ಕಂಬಿ’. ಆಸ್ಪತ್ರೆಯಲ್ಲಿ ಬೀಪಿ ನೋಡಿಸಿಕೊಂಡು ಬಂದವನು ಹೇಳುವುದು ‘ನೂರಿಪ್ಪತ್ತು, ಎಂಬತ್ತು’. ಇವೆಲ್ಲವೂ ಒತ್ತಡದ ಅಥವಾ ಅದರ ಜ್ಞಾತಿಯಾದ ಪೀಡನದ ಮಾನಗಳೇ. ಆದರೆ ಒಂದರಲ್ಲಿಯೂ ಮಾನದ ಹೆಸರು ಪೂರ್ಣವಾಗಿ ಉಚ್ಚರಿತವಾಗುವುದಿಲ್ಲ.

ಇವುಗಳ ಪೂರ್ಣರೂಪವನ್ನು ಹೇಳುವುದಾದರೆ ಹೀಗೆ: ನಾಲ್ಕು ಕೆಜಿ ಎಂದರೆ ಒಂದೊಂದು ಚದರ ಸೆಂಟಿಮೀಟರಿನ ಮೇಲೆ ನಾಲ್ಕು ಕಿಲೋಗ್ರಾಂ ಭಾರ; ಮೂವತ್ತೆರಡು ಪೌಂಡು ಎಂದರೆ ಒಂದೊಂದು ಚದರ ಅಂಗುಲದ ಮೇಲೆ ಮೂವತ್ತೆರಡು ಪೌಂಡು ಭಾರ; ಐವತ್ತಮೂರು ಎಂದರೆ ಗೊತ್ತಾದ ರೀತಿಯಲ್ಲಿ ಮಾಡಿದ ಗಾರೆಯ ಘನವು ೨೮ ದಿನಗಳಾದ ಮೇಲೆ ಒಂದೊಂದು ಚದರ ಮಿಲಿಮೀಟರಿಗೆ ತಾಳಿಕೊಳ್ಳತಕ್ಕ ೫೩ ನ್ಯೂಟನ್ ಬಲ; ನೂರಿಪ್ಪತ್ತು ಎಂದರೆ ೧೨೦ ಮಿಲಿಮೀಟರು ಎತ್ತರದ ಪಾದರಸದ ಕಂಬವು ತನ್ನ ಬುಡದಲ್ಲಿ ಉಂಟುಮಾಡುವ ಒತ್ತಡ. ಈ ಕೊನೆಯದನ್ನು ನೀರಿನ ಲೆಕ್ಕಕ್ಕೆ ತಿರುಗಿಸಿದರೆ ೧.೬೩ ಮೀಟರು, ಎಂದರೆ ಹೆಚ್ಚುಕಡಮೆ ಒಂದು ಆಳಿನ ಎತ್ತರದ ನೀರು.

ಬಳಕೆಯ ಮಾತು ಸಂಕ್ಷೇಪವಾಗಿರುವುದು ಸಹಜ. ಅದನ್ನು ಆಕ್ಷೇಪಿಸುವುದು ವ್ಯರ್ಥ. ಆದರೆ ಸಂಕ್ಷೇಪವು ಅರ್ಥವನ್ನೇ ಬೇರೆಯ ಕಡೆಗೆ ಎಳೆದೊಯ್ದಾಗ ವಿಮರ್ಶಕನು ಸುಮ್ಮನಿರಲಾಗದು. ‘ನಾಲ್ಕು ಕೆಜಿ ಪೈಪು’ ಎಂಬ ಮಾತನ್ನು ಮೊದಲು ಕೇಳುವವನು ಅದನ್ನು ಕೊಳವೆಯ ತೂಕವೆಂದೇ ಗ್ರಹಿಸುವನು. ದುರದೃಷ್ಟದಿಂದ ಅನುಭವವೂ ಈ ತಪ್ಪನ್ನು ತಿದ್ದುವುದಿಲ್ಲ. ಒಂದೇ ದುಂಡಿನ ಕೊಳವೆಗಳಲ್ಲಿ ಆರು ಕೆಜಿಯದರ ಗೋಡೆ ದಪ್ಪವಾದುದರಿಂದ ಅದು ನಾಲ್ಕು ಕೆಜಿಯದಕ್ಕಿಂತ ನಿಜವಾಗಿಯೂ ಹೆಚ್ಚು ತೂಗುತ್ತದೆ. ತಪ್ಪು ತಿಳಿವಳಿಕೆಗೆ ಹೀಗೆ ತಕ್ಕಡಿಯೇ ಸಾಕ್ಷಿ ನುಡಿದಂತಾಗುತ್ತದೆ.

ಇದರಿಂದ ಬರುವ ನಷ್ಟವು ಕೇವಲ ಶಬ್ದಕ್ಕೆ ಸಂಬಂಧಿಸಿದುದಲ್ಲ. ಹತ್ತು ಮೀಟರು ಎತ್ತರದ ನೀರು ತನ್ನ ಬುಡದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಮಿನಷ್ಟು ಒತ್ತುತ್ತದೆ. ಆದಕಾರಣ ನಾಲ್ಕು ಕೆಜಿ ಕೊಳವೆಯ ಅರ್ಥವು ‘ನಲವತ್ತು ಮೀಟರು ನೀರಿನ ಕೊಳವೆ’ ಎಂದು; ಆರು ಕೆಜಿಯದು ‘ಅರವತ್ತು ಮೀಟರಿನದು’. ಒಬ್ಬ ರೈತನ ಹೊಲವು ಪಂಪಿಗಿಂತ ೪೫ ಮೀಟರು ಎತ್ತರದಲ್ಲಿದೆಯೆಂದು ಇಟ್ಟುಕೊಂಡರೆ, ಪಂಪಿನ ಬಳಿ ನಾಲ್ಕು ಕೆಜಿಯ ಕೊಳವೆ ಸಾಲದು. ಇದನ್ನರಿಯದವನು ಅಗ್ಗದ ಕೊಳವೆಯನ್ನು ಹಾಕಿ ಒಡೆಸಿಕೊಳ್ಳುವನು. ಅರೆಬರೆ ಅರಿತವನು ಹೆದರಿ ದಾರಿಯುದ್ದಕ್ಕೂ ಆರು ಕೆಜಿಯದನ್ನೇ ಹಾಕಿ ಹಣ ಕಳೆಯುವನು. ಒತ್ತಡವು ಮೇಲಿರುವ ನೀರಿನ ಎತ್ತರವನ್ನು ಅನುಸರಿಸುವುದೆಂದು ಬಲ್ಲವನಾದರೋ ಬುಡದ ಭಾಗಕ್ಕೆ ಮಾತ್ರ ಗಟ್ಟಿಯಾದುದನ್ನು ಹಾಕಿ, ಮೇಲೇರಿದಂತೆ ಕಡಮೆಯದನ್ನು ಬಳಸಬಹುದು. ಇದರ ಜೊತೆಗೆ ಹಠಾತ್ತಾಗಿ ವಿದ್ಯುತ್ತು ನಿಂತಾಗ ಕೊಳವೆಯಲ್ಲಿ ಏರುತ್ತಿದ್ದ ನೀರು ಹಿಂದಿರುಗಿ ಬಡಿಯುವ ಹೊಡೆತವನ್ನೂ, ಬಿಸಿಲಿನಲ್ಲಿ ಕಾದ ಪ್ಲಾಸ್ಟಿಕ್ಕಿನ ಬಲ ತಗ್ಗುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಸ್ವಲ್ಪ ಹೆಚ್ಚಿನ ಅವಕಾಶವನ್ನು ಬಿಡಬೇಕು. ಕೊಳವೆಯ ಮೇಲೆ ಅಚ್ಚಾದ ಮಾನವು ೨೭ ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಹೇಳಿದುದು. ಬೇಸಗೆಯ ನಡುಹಗಲಿಗೆ ಹೇಳಿದುದಲ್ಲ.

೩

ಮಾನಗಳು ಹೀಗೆ ಚದರಿಹೋದುದಕ್ಕೆ ಚಾರಿತ್ರಿಕ ಕಾರಣವುಂಟು. ಯೂರೋಪಿನಲ್ಲಿ ಟಾರಿಚೆಲ್ಲಿಯು ೧೬೪೩-೪೪ರಲ್ಲಿ ಗಾಜಿನ ನಳಿಗೆಯಲ್ಲಿ ಪಾದರಸವನ್ನು ನಿಲ್ಲಿಸಿ ವಾಯುವಿಗೂ ಒತ್ತಡವುಂಟೆಂದು ತೋರಿಸಿದನು. ೧೬೪೮ರಲ್ಲಿ ಬ್ಲೇಸ್ ಪ್ಯಾಸ್ಕಲನ ಸೂಚನೆಯಂತೆ ಅವನ ಭಾವನು ಪುಯ್ ದ ದೋಮ್ ಎಂಬ ಬೆಟ್ಟವನ್ನೇರಿ, ಮೇಲೆ ಹೋದಂತೆಲ್ಲ ಪಾದರಸವು ಇಳಿಯುವುದನ್ನು ಕಂಡನು. ಅಂದಿನಿಂದ ಒತ್ತಡವನ್ನು ದ್ರವದ ಎತ್ತರದಿಂದ ಹೇಳುವ ಸಂಪ್ರದಾಯವು ಬೆಳೆಯಿತು. ವೈದ್ಯರು ಇಂದಿಗೂ ಅದನ್ನು ಬಿಟ್ಟಿಲ್ಲ. ಘನವಸ್ತುವಿನ ಒಳಗಿನ ಪೀಡನವನ್ನು ಗಣಿತದ ಖಚಿತವಾದ ಭಾವನೆಯಾಗಿ ರೂಪಿಸಿದವನು ಕೋಷಿ. ಅದು ೧೮೨೨ರ ಸುಮಾರಿನ ಮಾತು. ಒತ್ತಡಕ್ಕೂ ಪೀಡನಕ್ಕೂ ಹೀಗೆ ಹುಟ್ಟಿನಲ್ಲಿಯೇ ಸುಮಾರು ನೂರೆಪ್ಪತ್ತೈದು ವರ್ಷಗಳ ಅಂತರವಿದೆ.

ಭಾರತದಲ್ಲಿ ಬ್ರಿಟಿಷರ ಕಾಲದ ಯಂತ್ರಗಳೊಡನೆ ಪೌಂಡೂ ಅಂಗುಲವೂ ಬಂದುವು. ೧೯೫೬ರ ಕಾನೂನಿನ ಮೇರೆಗೆ ಮೆಟ್ರಿಕ್ ತೂಕಗಳು ೧೯೫೮ರ ಅಕ್ಟೋಬರ್ ೧ರಿಂದ ಹಂತಹಂತವಾಗಿ ಜಾರಿಗೆ ಬಂದು, ಪೌಂಡಿನ ಸ್ಥಾನಕ್ಕೆ ಕಿಲೋಗ್ರಾಮೂ ಚದರ ಅಂಗುಲದ ಸ್ಥಾನಕ್ಕೆ ಚದರ ಸೆಂಟಿಮೀಟರೂ ನೆಲೆಗೊಂಡುವು. ೧೯೭೧ರಲ್ಲಿ ಅಂತಾರಾಷ್ಟ್ರೀಯ ತೂಕ-ಅಳತೆಗಳ ಮಹಾಸಮ್ಮೇಳನವು ಒಂದು ಚದರ ಮೀಟರಿಗೆ ಒಂದು ನ್ಯೂಟನ್ ಎಂಬ ಮಾನಕ್ಕೆ ‘ಪ್ಯಾಸ್ಕಲ್’ ಎಂದು ನಾಮಕರಣ ಮಾಡಿತು. ೧೯೭೬ರ ಕಾನೂನೂ, ಅದರ ಬದಲಿಗೆ ೨೦೧೧ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ೨೦೦೯ರ ಕಾನೂನೂ ಈ ಅಂತಾರಾಷ್ಟ್ರೀಯ ಪದ್ಧತಿಯನ್ನೇ ಅಂಗೀಕರಿಸಿವೆ. ನೀರಿನ ಪ್ಲಾಸ್ಟಿಕ್ ಕೊಳವೆಗಳ ಭಾರತೀಯ ಮಾನಕವು ೨೦೦೦ನೆಯ ಇಸವಿಯ ಪರಿಷ್ಕರಣದಲ್ಲಿ ಕೊಳವೆಗಳ ವರ್ಗಗಳನ್ನು ೦.೨೫, ೦.೪, ೦.೬, ೦.೮, ೧.೦, ೧.೨೫ ಮೆಗಾಪ್ಯಾಸ್ಕಲ್ ಎಂದು ಗೊತ್ತುಮಾಡಿತು. ಆದರೆ ಅಂಗಡಿಯ ಮಾತಿನಲ್ಲಿ ೦.೪ ಎಂಬುದು ನಾಲ್ಕು ಕೆಜಿಯಾಗಿಯೇ ಉಳಿಯಿತು.

ಕಾನೂನು ಬದಲಾಯಿಸಿದರೂ ಭಾಷೆ ಬದಲಾಯಿಸಲಿಲ್ಲವೆಂದು ಜನರನ್ನು ದೂರುವವರುಂಟು. ಈ ದೂರು ನ್ಯಾಯವಾದುದಲ್ಲ. ಪ್ಯಾಸ್ಕಲ್ ಎಂಬ ಮಾನವು ಶಾಸ್ತ್ರದೃಷ್ಟಿಯಿಂದ ನಿರ್ದುಷ್ಟವಾದುದಾದರೂ ಬಳಕೆಗೆ ಒಗ್ಗದಷ್ಟು ಚಿಕ್ಕದು. ಒಂದು ಚದರ ಮೀಟರು ಹಲಗೆಯ ಮೇಲೆ ೧೦೨ ಗ್ರಾಂ ಅಕ್ಕಿಯನ್ನು ಹರಡಿದರೆ ಅದು ಒಂದು ಪ್ಯಾಸ್ಕಲ್. ಗಾಡಿಯ ಚಕ್ರದ ಗಾಳಿಯನ್ನು ಈ ಮಾನದಲ್ಲಿ ಹೇಳಬೇಕಾದರೆ ಎರಡು ಲಕ್ಷ ಇಪ್ಪತ್ತು ಸಾವಿರವೆನ್ನಬೇಕು. ಮೆಗಾಪ್ಯಾಸ್ಕಲಿನಲ್ಲಿ ಹೇಳಬೇಕಾದರೆ ೦.೨೨ ಎನ್ನಬೇಕು. ಒಂದರಲ್ಲಿ ನಾಲಗೆ ಬಳಲುತ್ತದೆ, ಮತ್ತೊಂದರಲ್ಲಿ ಕಲ್ಪನೆ ಬಳಲುತ್ತದೆ. ಇದಕ್ಕೆ ಪ್ರತಿಯಾಗಿ ‘ಒಂದು ಚದರ ಸೆಂಟಿಮೀಟರಿಗೆ ಒಂದು ಕಿಲೋ’ ಎಂಬುದು ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ ಒಂದು ಕಿಲೋ ಅಕ್ಕಿಯ ಗಂಟೆಂದು ಮನಸ್ಸಿಗೆ ಕೂಡಲೆ ಹೊಳೆಯುತ್ತದೆ. ಜನರು ಹಿಡಿದುಕೊಂಡಿರುವುದು ಹಳೆಯ ಮಾನವನ್ನಾದರೂ ಅದು ಕೈಗೆ ಸಿಕ್ಕುವ ಮಾನ. ಅವರು ಕೈಬಿಟ್ಟಿರುವುದು ಅದರ ಉತ್ತರಾರ್ಧವನ್ನು ಮಾತ್ರ, ತಿದ್ದಬೇಕಾದುದೂ ಅಷ್ಟನ್ನೇ.

೪

ಮಾನವು ಪೂರ್ಣವಾಗಿದ್ದರೂ, ಎಲ್ಲಿಂದ ಎಣಿಕೆ ಮೊದಲಾಗುವುದೆಂಬುದು ತಿಳಿಯದಿದ್ದರೆ ಸಂಖ್ಯೆಯು ಮೋಸಮಾಡುತ್ತದೆ. ಈ ಎರಡು ತಾಲ್ಲೂಕುಗಳ ರೈತರು ಮಳೆಗಾಲದಲ್ಲಿ ದಿನಪತ್ರಿಕೆಗಳಲ್ಲಿ ಆತುರದಿಂದ ನೋಡುವ ಎರಡು ಸಂಖ್ಯೆಗಳೇ ಇದಕ್ಕೆ ನಿದರ್ಶನ. ಕೃಷ್ಣರಾಜಸಾಗರದ ಪೂರ್ಣಮಟ್ಟವು ೧೨೪.೮೦ ಅಡಿ ಎಂದೂ, ಕಬಿನಿ ಜಲಾಶಯದ್ದು ೨,೨೮೪ ಅಡಿ ಎಂದೂ ಪಕ್ಕಪಕ್ಕದಲ್ಲಿ ಅಚ್ಚಾಗುತ್ತದೆ. ಮೊದಲನೆಯದು ನದಿಯ ತಳದಿಂದ ಎಣಿಸಿದ ಎತ್ತರ. ಎರಡನೆಯದು ಸಮುದ್ರಮಟ್ಟದಿಂದ ಎಣಿಸಿದುದು. ಒಂದೇ ಸಾಲಿನಲ್ಲಿ, ಒಂದೇ ‘ಅಡಿ’ ಎಂಬ ಹೆಸರಿನಲ್ಲಿ ಇವು ನಿಂತಿರುವುದರಿಂದ, ಕಬಿನಿಯು ಕನ್ನಂಬಾಡಿಗಿಂತ ಹದಿನೆಂಟು ಪಾಲು ಆಳವೆಂದು ಎಳೆಯರು ತಿಳಿದರೆ ಆಶ್ಚರ್ಯವೇನು? ಅಣೆಕಟ್ಟಿನ ಬುಡದ ಒತ್ತಡಕ್ಕೆ ಕಾರಣವಾದುದು ನೀರಿನ ಆಳವೇ ಹೊರತು ಸಮುದ್ರದಿಂದ ಅದಿರುವ ಎತ್ತರವಲ್ಲ. ಕೃಷ್ಣರಾಜಸಾಗರದ ೧೨೪.೮೦ ಅಡಿ, ಎಂದರೆ ೩೮ ಮೀಟರು ನೀರು, ತನ್ನ ಬುಡದಲ್ಲಿ ಚದರ ಸೆಂಟಿಮೀಟರಿಗೆ ೩.೮ ಕಿಲೋಗ್ರಾಮಿನಷ್ಟು ಒತ್ತುತ್ತದೆ. ಕಬಿನಿಯ ೨,೨೮೪ರಿಂದ ಇಂತಹ ಲೆಕ್ಕವನ್ನು ಮಾಡಲಾಗದು. ಅದರ ತಳದ ಮಟ್ಟವನ್ನು ಮೊದಲು ಕಳೆಯಬೇಕು.

ಒತ್ತಡದ ಮಾನಗಳಲ್ಲಿಯೂ ಇದೇ ಬಗೆಯ ಎರಡು ಸೊನ್ನೆಗಳುಂಟು. ಗಾಳಿ ತುಂಬುವವನ ಮುಳ್ಳು ಮೂವತ್ತೆರಡನ್ನು ತೋರಿಸುವಾಗ ಅದು ಹೊರಗಿನ ವಾಯುವಿನ ಒತ್ತಡಕ್ಕಿಂತ ಎಷ್ಟು ಹೆಚ್ಚೆಂಬುದನ್ನು ಹೇಳುತ್ತದೆ. ಚಪ್ಪಟೆಯಾದ ಚಕ್ರದ ಸೊನ್ನೆಯೆಂದರೆ ಒಳಗೆ ಗಾಳಿಯೇ ಇಲ್ಲವೆಂದರ್ಥವಲ್ಲ. ವಾಯುಭಾರಮಾಪಕದ ಸೊನ್ನೆಯಾದರೋ ನಿಜವಾದ ಶೂನ್ಯ. ಈ ಭೇದವನ್ನು ಹೇಳದೆ ಬಿಟ್ಟರೆ ರೈತನಿಗೆ ಇನ್ನೊಂದು ತೊಡಕು ಬರುತ್ತದೆ. ಪಂಪು ನೀರನ್ನು ಹೀರುವುದೆನ್ನುವುದು ಔಪಚಾರಿಕವಾದ ಮಾತು. ಹೊರಗಿನ ವಾಯುವಿನ ಒತ್ತಡವೇ ನೀರನ್ನು ಮೇಲಕ್ಕೆ ನೂಕುತ್ತದೆ. ಸಮುದ್ರಮಟ್ಟದಲ್ಲಿ ಅದು ೧೦.೩ ಮೀಟರಿಗಿಂತ ಹೆಚ್ಚು ನೂಕಲಾರದು. ಸುಮಾರು ೬೫೦ ಮೀಟರು ಎತ್ತರದಲ್ಲಿರುವ ನಂಜನಗೂಡಿನಲ್ಲಿ ವಾಯುವಿನ ಒತ್ತಡವು ಸುಮಾರು ೯೪,೦೦೦ ಪ್ಯಾಸ್ಕಲ್ಲಿಗೆ ಇಳಿದಿರುವುದರಿಂದ ಆ ಎಲ್ಲೆಯೂ ೯.೬ ಮೀಟರಿಗೆ ಇಳಿಯುತ್ತದೆ. ಕೊಳವೆಯ ತಿಕ್ಕಾಟವೇ ಮೊದಲಾದ ನಷ್ಟಗಳನ್ನು ಕಳೆದರೆ ನಡೆಯುವುದು ಆರೇಳು ಮೀಟರು ಮಾತ್ರ. ಎಷ್ಟು ಕುದುರೆಶಕ್ತಿಯ ಮೋಟಾರನ್ನು ಕೂಡಿಸಿದರೂ ದಡದ ಮೇಲಿನ ಪಂಪು ಇದಕ್ಕಿಂತ ಆಳದಿಂದ ನೀರನ್ನು ತರಲಾರದು. ಇಲ್ಲಿ ಕೊರತೆಯು ಯಂತ್ರದ್ದಲ್ಲ, ಆಕಾಶದ್ದು.

೫

ಇನ್ನು ಪರಿಭಾಷೆಯ ವಿಚಾರ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ೧೯೧೮ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಆರಂಭಿಸಿದಂದಿನಿಂದ ಕನ್ನಡದಲ್ಲಿ ಶಾಸ್ತ್ರವನ್ನು ಹೇಳುವ ಯತ್ನವು ನಡೆದುಬಂದಿದೆ. ೧೯೪೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಹೊರಬಂದುದೂ ಈ ಯತ್ನಕ್ಕೆ ಮಹೋಪಕಾರಿಯಾಯಿತು. ಈ ಪರಂಪರೆಯ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಒತ್ತಡ, ಪೀಡನಗಳ ವಿಷಯದಲ್ಲಿ ಪದಗಳು ಇನ್ನೂ ನೆಲೆಗೆ ಬಂದಿಲ್ಲವೆಂಬುದು ಸತ್ಯ. ದ್ರವ ಮತ್ತು ಅನಿಲಗಳು ಒತ್ತುವುದಕ್ಕೆ ‘ಒತ್ತಡ’, ‘ಸಂಮರ್ದ’ ಎಂಬ ಪದಗಳೂ, ಘನವಸ್ತುವಿನ ಒಳಗೆ ಹುಟ್ಟುವುದಕ್ಕೆ ‘ಪೀಡನ’, ‘ಪ್ರತಿಬಲ’ ಎಂಬ ಪದಗಳೂ ಬಳಕೆಯಲ್ಲಿವೆ. ಇವಲ್ಲದೆ ಮನಸ್ಸಿನ ಬೇಗೆಗೂ, ಮೇಲಧಿಕಾರಿಯ ಬಲವಂತಕ್ಕೂ, ಕೆಲಸದ ಹೊರೆಗೂ ‘ಒತ್ತಡ’ವೆಂಬ ಒಂದೇ ಪದ ಸಾಲುತ್ತಿದೆ.

‘ಒತ್ತು’ ಎಂಬ ಧಾತುವು ಕನ್ನಡದ ಹಳೆಯ ಸೊತ್ತು. ಒತ್ತಾಯ, ಒತ್ತಾಸೆ, ಒತ್ತಕ್ಷರ, ಒತ್ತುವರಿ ಮುಂತಾದ ಪದಗಳೆಲ್ಲ ಅದರ ಬಳಗ. ಚಕ್ಕುಲಿ ಒತ್ತುವ ಒರಳನ್ನು ಬಲ್ಲ ಗೃಹಿಣಿಗೆ ಈ ಧಾತುವಿನ ಭೌತಾರ್ಥವನ್ನು ಬೇರೆಯಾಗಿ ಬೋಧಿಸಬೇಕಾದುದಿಲ್ಲ: ಒರಳಿನ ಬಾಯಿ ಅಗಲವಾದಷ್ಟೂ ಕೈ ನೋಯುವುದು, ಕಿರಿದಾದಷ್ಟೂ ಹಿಟ್ಟು ಸುಲಭವಾಗಿ ಇಳಿಯುವುದು. ಕೈಯ ಬಲ ಒಂದೇ ಆದರೂ ಅದು ಹಂಚಿಹೋಗುವ ಜಾಗವು ಬೇರೆಯಾದುದೇ ಇದಕ್ಕೆ ಕಾರಣ. ಆದುದರಿಂದ ದ್ರವ, ಅನಿಲಗಳ ವಿಷಯದಲ್ಲಿ ‘ಒತ್ತಡ’ವೇ ಯೋಗ್ಯವಾದ ಪದ. ‘ಸಂಮರ್ದ’ವು ಶುದ್ಧವಾದುದೇ ಆದರೂ ಅದಕ್ಕೆ ಅಡಿಗೆಮನೆಯ ಸಾಕ್ಷ್ಯವಿಲ್ಲ.

ಆದರೆ ಇದೇ ಪದವನ್ನು ಘನವಸ್ತುವಿನ ಒಳಗಿನ ಸ್ಥಿತಿಗೂ ಹೇಳುವುದು ದೋಷ. ಇದಕ್ಕೆ ಮತ್ತೆ ರೈತನ ಕೊಳವೆಯೇ ಪ್ರಮಾಣ. ಹೊರಗಿನ ದುಂಡು ೧೧೦ ಮಿಲಿಮೀಟರು, ಗೋಡೆಯ ದಪ್ಪ ೨.೫ ಮಿಲಿಮೀಟರು ಇರುವ ಕೊಳವೆಯಲ್ಲಿ ೦.೪ ಮೆಗಾಪ್ಯಾಸ್ಕಲ್ ಒತ್ತಡದ ನೀರು ತುಂಬಿದೆಯೆಂದು ಇಟ್ಟುಕೊಂಡರೆ, ಆ ನೀರು ಗೋಡೆಯನ್ನು ಸೀಳಲು ಎಳೆಯುವುದರಿಂದ ಗೋಡೆಯೊಳಗೆ ಉಂಟಾಗುವ ಪೀಡನವು ಸುಮಾರು ೮.೬ ಮೆಗಾಪ್ಯಾಸ್ಕಲ್. ಎರಡಕ್ಕೂ ಮಾನ ಒಂದೇ, ಕೊಳವೆಯೂ ಒಂದೇ. ಆದರೆ ಎರಡನೆಯದು ಮೊದಲನೆಯದಕ್ಕಿಂತ ಇಪ್ಪತ್ತೊಂದು ಪಾಲಿಗೂ ಹೆಚ್ಚು. ಮೊದಲನೆಯದು ಒತ್ತುತ್ತದೆ, ಎರಡನೆಯದು ಎಳೆಯುತ್ತದೆ. ದಪ್ಪವನ್ನು ಹೆಚ್ಚಿಸದೆ ಕೊಳವೆಯ ದುಂಡನ್ನು ಎರಡರಷ್ಟು ಮಾಡಿದರೆ ನೀರಿನ ಒತ್ತಡ ಹಾಗೆಯೇ ಇರುವುದು, ಗೋಡೆಯ ಪೀಡನ ಮಾತ್ರ ಎರಡರಷ್ಟಾಗುವುದು. ದೊಡ್ಡ ಕೊಳವೆಗೆ ದಪ್ಪ ಗೋಡೆ ಏಕೆ ಬೇಕೆಂಬ ಪ್ರಶ್ನೆಗೆ ಉತ್ತರವೇ ಇದು. ಎರಡನ್ನೂ ‘ಒತ್ತಡ’ವೆಂದೇ ಕರೆದರೆ ಈ ಉತ್ತರವನ್ನು ಕನ್ನಡದಲ್ಲಿ ಹೇಳುವುದಕ್ಕೇ ಆಗುವುದಿಲ್ಲ.

‘ಪ್ರತಿಬಲ’ವೆಂಬ ಪದವು ಈ ದೋಷವನ್ನು ನಿವಾರಿಸುವುದೆಂದು ಕೆಲವರ ಅಭಿಪ್ರಾಯ. ಆದರೆ ಅದು ಮತ್ತೊಂದು ದೋಷವನ್ನು ತರುತ್ತದೆ. ಪ್ರತಿಬಲವೆಂದರೆ ಎದುರು ನಿಲ್ಲುವ ಬಲವೆಂದೇ ಅರ್ಥವಾಗುವುದರಿಂದ ವಿದ್ಯಾರ್ಥಿಯು ಅದನ್ನು ನ್ಯೂಟನ್ನುಗಳಲ್ಲಿ ಅಳೆಯಲು ತೊಡಗುವನು. ಜಾಗದ ಮಾತು ಇಲ್ಲಿಯೂ ಲೋಪವಾಗುತ್ತದೆ. ಅಂಗಡಿಯವನ ‘ನಾಲ್ಕು ಕೆಜಿ’ಗೂ ಪಂಡಿತರ ‘ಪ್ರತಿಬಲ’ಕ್ಕೂ ಈ ಅಂಶದಲ್ಲಿ ಭೇದವಿಲ್ಲ. ಒಬ್ಬನು ಮಾನವನ್ನು ಮೊಟಕುಮಾಡಿದ್ದಾನೆ, ಇನ್ನೊಬ್ಬರು ಹೆಸರನ್ನು ಮೊಟಕುಮಾಡಿದ್ದಾರೆ. ‘ಪೀಡನ’ಕ್ಕೂ ಆಕ್ಷೇಪಣೆ ಇಲ್ಲದಿಲ್ಲ. ಪೀಡೆಯೆಂಬ ಪದದ ಸಹವಾಸದಿಂದ ಅದು ಸಂಕಟವನ್ನು ಸೂಚಿಸುತ್ತದೆ. ಮೂಲದಲ್ಲಿ ಹಿಂಡುವುದೆಂಬ ಅರ್ಥವಿರುವುದರಿಂದ ಎಳೆತಕ್ಕೆ ಅಷ್ಟಾಗಿ ಒಪ್ಪುವುದಿಲ್ಲ. ಹಾಗಿದ್ದರೂ ಎಳೆತದ ಪೀಡನ, ಒತ್ತುವ ಪೀಡನ, ಕತ್ತರಿಸುವ ಪೀಡನ ಎಂದು ವಿಶೇಷಣಗಳನ್ನು ಕೂಡಿಸಿಕೊಳ್ಳುವ ಶಕ್ತಿ ಆ ಪದಕ್ಕಿದೆ. ಬಲವೆಂಬ ಭ್ರಾಂತಿಯನ್ನು ಅದು ಹುಟ್ಟಿಸುವುದಿಲ್ಲ. ಬೇರೆ ಶಾಸ್ತ್ರಾರ್ಥವೂ ಅದಕ್ಕೆ ಅಂಟಿಕೊಂಡಿಲ್ಲ. ಇದ್ದುದರಲ್ಲಿ ಅದೇ ಮೇಲು.

೬

ಈ ಗೊಂದಲವು ಪುರಾತನ ಕಟ್ಟಡಗಳನ್ನು ಹೊಗಳುವ ಬರೆಹಗಳಲ್ಲಿ ಮತ್ತಷ್ಟು ಸ್ಫುಟವಾಗಿ ಕಾಣುತ್ತದೆ. ನಂಜನಗೂಡಿನಲ್ಲಿ ಕಪಿಲೆಯ ಮೇಲಿರುವ ಹಳೆಯ ಸೇತುವೆಯು ೧೭೩೫ರಲ್ಲಿ ದಳವಾಯಿ ದೇವರಾಜಯ್ಯನವರು ಕಟ್ಟಿಸಿದುದೆಂದು ಪ್ರಸಿದ್ಧ. ಮೈಸೂರು-ನಂಜನಗೂಡು ರೈಲುದಾರಿಯು ೧೮೯೧ರಲ್ಲಿ ತೆರೆಯಿತು. ಮೀಟರುಗೇಜಿನ ಕಾಲದಲ್ಲಿ ಈ ಸೇತುವೆಯು ರಸ್ತೆಯನ್ನೂ ರೈಲುಹಳಿಯನ್ನೂ ಒಟ್ಟಿಗೆ ಹೊತ್ತಿತ್ತು. ಎತ್ತಿನ ಗಾಡಿಗಾಗಿ ಕಟ್ಟಿದ ಸೇತುವೆಯು ಉಗಿಬಂಡಿಯ ಭಾರವನ್ನು ಹೇಗೆ ತಾಳಿತೆಂದು ಅಚ್ಚರಿಪಟ್ಟು, ಪೂರ್ವಿಕರ ಗಾರೆಯಲ್ಲಿ ಏನೋ ರಹಸ್ಯವಿದ್ದಿರಬೇಕೆಂದು ಮುಗಿಸುವುದು ಇಂತಹ ಬರೆಹಗಳ ರೂಢಿ. ಅಚ್ಚರಿಯು ಯುಕ್ತವೇ, ಆದರೆ ಅದನ್ನು ಸರಿಯಾದ ಕಡೆಗೆ ತಿರುಗಿಸಬೇಕು.

ಅರ್ಧ ಟನ್ನು ಭಾರವನ್ನು ಹೊತ್ತ ಗಾಡಿಯ ಚಕ್ರವೊಂದರ ಕಬ್ಬಿಣದ ಪಟ್ಟೆಯು ಕಲ್ಲನ್ನು ಮುಟ್ಟುವ ಜಾಗವು ಹತ್ತು ಚದರ ಸೆಂಟಿಮೀಟರು ಎಂದು ಇಟ್ಟುಕೊಂಡರೆ, ಅಲ್ಲಿಯ ಒತ್ತಡವು ಚದರ ಸೆಂಟಿಮೀಟರಿಗೆ ೫೦ ಕಿಲೋಗ್ರಾಂ. ಒಂದು ಮೀಟರು ಅಗಲ, ಮೂರು ಮೀಟರು ಉದ್ದವಿರುವ ಕಂಬದ ಮೇಲೆ ಹತ್ತು ಟನ್ನು ಭಾರವು ಸಮನಾಗಿ ಹಂಚಿಹೋದರೆ ಅಲ್ಲಿಯದು ಚದರ ಸೆಂಟಿಮೀಟರಿಗೆ ೦.೩೩ ಕಿಲೋಗ್ರಾಂ ಮಾತ್ರ. ಭಾರದಲ್ಲಿ ಇಪ್ಪತ್ತು ಪಾಲು ಹಿರಿದಾದುದು ಒತ್ತಡದಲ್ಲಿ ನೂರೈವತ್ತು ಪಾಲು ಕಿರಿದಾಯಿತು. ಹಳೆಯ ದಾರಿಗಳ ಕಲ್ಲುಗಳಲ್ಲಿ ಗಾಡಿಯ ಜಾಡು ಕೊರೆದಿರುವುದೂ, ಗಾತ್ರವಾದ ಕಂಬಗಳು ಭಾರಕ್ಕೆ ಅಳುಕದಿರುವುದೂ ಇದರಿಂದಲೇ. ಸೇತುವೆಯ ರಹಸ್ಯವು ಗಾರೆಯಲ್ಲಿರುವುದಕ್ಕಿಂತ ಹೆಚ್ಚಾಗಿ, ಭಾರವನ್ನು ಅಗಲವಾದ ಜಾಗಕ್ಕೆ ಇಳಿಸಿಕೊಟ್ಟ ಕಂಬಗಳ ಗಾತ್ರದಲ್ಲಿದೆ.

ಶ್ರೀಕಂಠೇಶ್ವರಸ್ವಾಮಿಯ ದೇವಾಲಯದ ಮಹಾದ್ವಾರದ ಗೋಪುರಕ್ಕೂ ಈ ಲೆಕ್ಕ ಸಲ್ಲುತ್ತದೆ. ಅದರ ಎತ್ತರ ಸುಮಾರು ೧೨೦ ಅಡಿ. ಅಷ್ಟು ಎತ್ತರದ ಗಟ್ಟಿಯಾದ ಇಟ್ಟಿಗೆಯ ಗೋಡೆಯೊಂದನ್ನು ನೇರವಾಗಿ ಕಟ್ಟಿದರೂ, ತನ್ನ ಭಾರದಿಂದಲೇ ಅದರ ಬುಡದಲ್ಲಿ ಉಂಟಾಗುವ ಒತ್ತುವ ಪೀಡನವು ಚದರ ಸೆಂಟಿಮೀಟರಿಗೆ ಏಳು ಕಿಲೋಗ್ರಾಮಿನ ಆಸುಪಾಸು, ಎಂದರೆ ಸುಮಾರು ೦.೭ ಮೆಗಾಪ್ಯಾಸ್ಕಲ್. ಇಂದಿನ ಭಾರತೀಯ ಮಾನಕದ ಇಟ್ಟಿಗೆಗಳಲ್ಲಿ ಕೆಳವರ್ಗದ್ದೇ ಆದ ೩.೫ರ ಇಟ್ಟಿಗೆಯು ಪರೀಕ್ಷೆಯಲ್ಲಿ ಇದರ ಐದು ಪಾಲನ್ನು ತಾಳಬೇಕು. ಗೋಡೆ ತೆಳುವಾಗಲಿ ದಪ್ಪವಾಗಲಿ ಈ ಸಂಖ್ಯೆ ಬದಲಾಗದೆಂಬುದು ಗಮನಾರ್ಹ; ದಪ್ಪ ಹೆಚ್ಚಿದಂತೆ ಭಾರವೂ ಜಾಗವೂ ಸಮನಾಗಿ ಹೆಚ್ಚುತ್ತವೆ. ಆದುದರಿಂದ ಎತ್ತರವಾದ ಗೋಪುರಕ್ಕೆ ಭಯವಿರುವುದು ತನ್ನ ಭಾರದಿಂದ ಇಟ್ಟಿಗೆ ಪುಡಿಯಾಗುವುದರಿಂದಲ್ಲ. ಅಡಿಪಾಯದ ಮಣ್ಣು ಒಂದು ಪಕ್ಕಕ್ಕೆ ಕುಸಿಯುವುದರಿಂದ ಮತ್ತು ಗಾರೆಯು ಎಳೆತದ ಪೀಡನವನ್ನು ಹೆಚ್ಚಾಗಿ ಸಹಿಸಲಾರದೆಂಬುದರಿಂದ. ಮೇಲಕ್ಕೆ ಹೋದಂತೆ ಗೋಪುರವನ್ನು ಒಳಕ್ಕೆ ತಗ್ಗಿಸುತ್ತ ಬಂದ ಶಿಲ್ಪಿಗಳಿಗೆ ಮಾನದ ಹೆಸರು ತಿಳಿದಿರಲಿಲ್ಲ, ಪ್ರಮಾಣವು ತಿಳಿದಿತ್ತು. ಇಂದು ಮಾನದ ಹೆಸರು ಚೀಲದ ಮೇಲೆ ಅಚ್ಚಾಗಿ ಬರುತ್ತಿದೆ. ಪ್ರಮಾಣದ ಅರಿವು ಅದರೊಡನೆ ಬರುತ್ತಿಲ್ಲ. ‘ಐವತ್ತಮೂರರ ಸಿಮೆಂಟು’ ಕೊಂಡವನು ಮನೆಯೂ ಐವತ್ತಮೂರರಷ್ಟು ಗಟ್ಟಿಯೆಂದು ನಂಬಿ, ನೀರು ಹೆಚ್ಚಾಗಿ ಬೆರಸಿ, ಕ್ಯೂರಿಂಗಿಗೆ ನೀರು ಹಾಕುವುದನ್ನು ಮರೆತರೆ, ಆ ಸಂಖ್ಯೆಯು ಪರೀಕ್ಷೆಯ ಘನಕ್ಕೇ ಉಳಿಯುವುದು, ಗೋಡೆಗೆ ಇಳಿಯದು.

೭

ಜನರು ‘ನಾಲ್ಕು ಕೆಜಿ’ ಎಂದೇ ಹೇಳಿಕೊಂಡು ಇಷ್ಟು ಕಾಲ ಬೇಸಾಯ ಮಾಡಿರುವಾಗ ಈ ಸೂಕ್ಷ್ಮಗಳು ಯಾರಿಗೆ ಬೇಕೆಂದು ಯಾರಾದರೂ ಕೇಳಬಹುದು. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಅನುಭವವುಳ್ಳ ಪಂಪಿನ ಕೆಲಸಗಾರನು ಸೂತ್ರವನ್ನರಿಯದೆಯೂ ಸರಿಯಾದ ಕೊಳವೆಯನ್ನೇ ಆರಿಸಿಕೊಡುತ್ತಾನೆ. ಆದರೆ ಅವನ ಅರಿವು ಅವನೊಡನೆಯೇ ಇರುತ್ತದೆ. ಕೊಳ್ಳುವವನು ಅವನ ಮಾತನ್ನು ನಂಬಬೇಕೇ ಹೊರತು ಪರೀಕ್ಷಿಸಲಾರ. ಮಾನವು ಪೂರ್ಣವಾಗಿ ನುಡಿಯಲ್ಪಟ್ಟಾಗ ಮಾತ್ರ ಮಾರುವವನಿಗೂ ಕೊಳ್ಳುವವನಿಗೂ ಸಮಾನವಾದ ಸಾಕ್ಷಿಯೊಂದು ದೊರಕುತ್ತದೆ. ಸೇರು, ಕೊಳಗಗಳಿಗೆ ಸರ್ಕಾರದ ಮುದ್ರೆಯನ್ನು ಒತ್ತಿದುದರ ಉದ್ದೇಶವೂ ಇದೇ ಆಗಿತ್ತು.

ಆದಕಾರಣ ಮಾಡತಕ್ಕುದು ಹೆಚ್ಚೇನೂ ಇಲ್ಲ. ದ್ರವ, ಅನಿಲಗಳಿಗೆ ‘ಒತ್ತಡ’ವನ್ನೂ, ಘನವಸ್ತುವಿನ ಒಳಸ್ಥಿತಿಗೆ ‘ಪೀಡನ’ವನ್ನೂ ಪಠ್ಯಪುಸ್ತಕಗಳು ನಿಯತವಾಗಿ ಬಳಸಲಿ. ‘ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ’ ಎಂಬ ಸೂತ್ರದೊಡನೆ, ಹತ್ತು ಮೀಟರು ನೀರಿಗೆ ಚದರ ಸೆಂಟಿಮೀಟರಿಗೆ ಒಂದು ಕಿಲೋ, ಎಂದರೆ ಹೆಚ್ಚುಕಡಮೆ ಒಂದು ಮೆಗಾಪ್ಯಾಸ್ಕಲಿನ ಹತ್ತನೆಯ ಒಂದು ಪಾಲು, ಎಂಬ ಒಂದೇ ಒಂದು ಸಮೀಕರಣವನ್ನು ಬಾಲಕರಿಗೆ ಬಾಯಿಪಾಠ ಮಾಡಿಸಲಿ. ಕೊಳವೆಯ ಮೇಲಿನ ಅಚ್ಚನ್ನೂ ತಂದೆಯ ಹೊಲದ ಎತ್ತರವನ್ನೂ ಜೋಡಿಸಿ ನೋಡುವುದಕ್ಕೆ ಅಷ್ಟು ಸಾಕು. ಪತ್ರಿಕೆಗಳು ಜಲಾಶಯಗಳ ಮಟ್ಟವನ್ನು ಪ್ರಕಟಿಸುವಾಗ ಯಾವುದು ತಳದಿಂದ, ಯಾವುದು ಸಮುದ್ರದಿಂದ ಎಂಬುದನ್ನು ಒಂದು ಪದದಲ್ಲಿ ಸೂಚಿಸಲಿ. ಅಂಗಡಿಯ ಮಾತನ್ನು ತಿದ್ದಹೋಗುವುದು ಬೇಡ. ‘ನಾಲ್ಕು ಕೆಜಿ’ ಎಂದವನಿಗೆ ‘ಎಷ್ಟು ಜಾಗಕ್ಕೆ?’ ಎಂದು ಕೇಳಬಲ್ಲ ಗಿರಾಕಿಯೊಬ್ಬನು ಹುಟ್ಟಿಕೊಂಡರೆ ಮಾತು ತಾನಾಗಿಯೇ ನೇರ್ಪಡುತ್ತದೆ.